ಹಳೇ ಸೇತುವೆಗೆ ಹೇಳಿದ್ದು

ನಮ್ಮೂರಿನ ಹೆಡ್‌ಮಾಸ್ತರು ಶ್ಯಾಮಣ್ಣನವರು ಮೂವತ್ತೊಂದು ವರ್ಷ ದಿನಕ್ಕೊಂದು ಸೀಮೆಸುಣ್ಣ ಕದ್ದರು. ಆಸೆಗಲ್ಲ. ಅವರ ಮನೆ ಹೊಳೆಯ ಈಚೆ ದಡದಲ್ಲಿತ್ತು, ಶಾಲೆ ಆಚೆ ದಡದಲ್ಲಿ, ನಡುವೆ ಹಳೇ ಸೇತುವೆ. ಆ ಸೇತುವೆ ದಾಟಬೇಕಾದರೆ ನೀವು ಅದುವರೆಗೆ ಯಾರಿಗೂ ಹೇಳಿರದ ಒಂದು ನಿಜವಾದ ಮಾತನ್ನು ಅದಕ್ಕೆ ಹೇಳಬೇಕು. ಬಾಯಿ ಬಿಡದೆ ನಡೆದರೆ ಎಷ್ಟು ನಡೆದರೂ ಹೊರಟ ದಡಕ್ಕೇ ಬಂದು ಇಳಿಯುತ್ತೀರಿ. ಸುಳ್ಳು ಹೇಳಿದರೂ ಅದೇ ಗತಿ, ನಿನ್ನೆ ಹೇಳಿದ್ದನ್ನೇ ಇವತ್ತು ಹೇಳಿದರೂ ಅದೇ ಗತಿ. ಶ್ಯಾಮಣ್ಣ ಮೇಷ್ಟ್ರ ಬದುಕಿನಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ, ಪಾಪ. ಹಾಗಾಗಿ ಸಂಜೆ ಬರುವಾಗ 'ಇವತ್ತೊಂದು ಸೀಮೆಸುಣ್ಣ ಕದ್ದೆ' ಎಂದೂ, ಬೆಳಿಗ್ಗೆ ಹೋಗುವಾಗ 'ಕದ್ದದ್ದನ್ನು ವಾಪಸು ಇಡಲು ಒಯ್ಯುತ್ತಿದ್ದೇನೆ' ಎಂದೂ ಹೇಳಿ ಸರ್ವಿಸು ಮುಗಿಸಿದರು.

ಊರಿನ ಉಳಿದವರೂ ಹೀಗೇ ಏನಾದರೊಂದು ದಾರಿ ಕಂಡುಕೊಂಡಿದ್ದರು. ಹಾಲಿನವರು ಇವತ್ತು ಎಷ್ಟು ಚೊಂಬು ನೀರು ಬೆರೆಸಿದೆವೆಂದು ಹೇಳಿ ದಾಟುತ್ತಿದ್ದರು. ಅವರು ನೀರು ಬೆರೆಸದ ದಿನ ಈಚೆ ದಡಕ್ಕೆ ಹಾಲೇ ಬರುತ್ತಿರಲಿಲ್ಲ. ಸಂತೆಗೆ ಹೋಗಬೇಕಾದ ಸೊಸೆಯರು ಹಿಂದಿನ ದಿನವೇ ಅತ್ತೆಯ ಕನ್ನಡಕ ಬಚ್ಚಿಡುತ್ತಿದ್ದರು. ಮನೆಯಲ್ಲಿ ಏನಾದರೂ ಕಾಣೆಯಾದರೆ ನಮ್ಮೂರಲ್ಲಿ 'ಯಾರು ತಗೊಂಡರು' ಎಂದು ಕೇಳುತ್ತಿರಲಿಲ್ಲ, 'ಇವತ್ತು ಯಾರು ಆಚೆ ಹೋದರು' ಎಂದು ಕೇಳುತ್ತಿದ್ದರು. ಪುರಸಭೆ ಅಧ್ಯಕ್ಷ ಬೋರಲಿಂಗು ಮಾತ್ರ ದಿನಕ್ಕೆ ಹತ್ತು ಸಲ ಸಿಳ್ಳೆ ಹಾಕಿಕೊಂಡು ಓಡಾಡುತ್ತಿದ್ದ. ಅವನ ದಾಸ್ತಾನು ಅಂಥದ್ದು.

ಇನ್ನು ನಾನು. ಹೆಸರು ಚನ್ನವೀರ. ಆಚೆ ಈಚೆ ಓಡಾಡುವ ಬಸ್ಸಿಗೆ ಇಪ್ಪತ್ತೆಂಟು ವರ್ಷ ಕಂಡಕ್ಟರಾಗಿದ್ದೆ. ಬಸ್ಸಿನಲ್ಲಿ ಐವತ್ತು ಜನ ಇರಲಿ ಐದು ಜನ ಇರಲಿ, ಸೇತುವೆ ಅದನ್ನು ಒಂದೇ ಜೀವವೆಂದು ತಿಳಿಯುತ್ತಿತ್ತು. ಒಬ್ಬ ಹೇಳಿದರೆ ಸಾಕು. ಆ ಒಬ್ಬ ನಾನು. ಫುಟ್‌ಬೋರ್ಡಿನಿಂದ ಹೊರಕ್ಕೆ ಬಾಗಿ, ತಗ್ಗಿದ ದನಿಯಲ್ಲಿ ಒಂದು ಮಾತು ಹೇಳಿ, 'ರೈಟ್' ಎನ್ನುತ್ತಿದ್ದೆ. ದಿನಕ್ಕೆ ಹನ್ನೆರಡು ಸಲ. ನಂಬಿ, ಮನುಷ್ಯನ ಪಾಪಗಳು ಹೆಚ್ಚೆಂದರೆ ಎರಡು ವರ್ಷಕ್ಕೆ ಸಾಲುತ್ತವೆ. ನಾನಂತೂ ಚಿಕ್ಕಂದಿನಲ್ಲಿ ಕದ್ದ ಸೀಬೆಕಾಯಿಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದರೂ ಮೂರನೇ ವರ್ಷಕ್ಕೆ ಖಾಲಿಯಾದೆ. ಆಮೇಲೆ ಉಳಿದದ್ದು ಮನಸ್ಸಿನಲ್ಲಿ ಬಂದುಹೋಗುವ ಮಾತುಗಳು. ಇವತ್ತು ಯಾಕೋ ಬೇಸರ. ಇವತ್ತು ಮೋಡ ಚೆನ್ನಾಗಿದೆ. ಡ್ರೈವರ್ ಹಾಡಿದರೆ ನನಗೆ ಹೊಟ್ಟೆ ತೊಳಸುತ್ತದೆ. ಹೊಸದರಲ್ಲಿ ಬಸ್ಸು ಸೇತುವೆ ಹತ್ತಿದ ಕೂಡಲೇ ಒಂದನೇ ಕಮಾನಿನಲ್ಲೇ ಹೇಳಿ ಮುಗಿಸುತ್ತಿದ್ದವನು, ವರ್ಷ ಕಳೆದಂತೆ ಮಾತು ಸಿಗುವುದು ತಡವಾಗಿ, ಏಳೆಂಟು ವರ್ಷದಲ್ಲೇ ನಾಲ್ಕನೇ ಕಮಾನಿಗೆ ಬಂದು ಮುಟ್ಟಿದ್ದೆ.

ಇದರಿಂದ ಮನೆಯಲ್ಲಿ ಒಂದು ತೊಂದರೆಯಾಯಿತು. ಹೆಂಡತಿಯ ಹತ್ತಿರ ಒಂದು ಮಾತು ಆಡಿದರೆ ಮಾರನೇ ದಿನ ಒಂದು ಟ್ರಿಪ್ಪು ಖೋತಾ. ಹಾಗಾಗಿ ನಾನು ಮನೆಯಲ್ಲಿ ಬಾಯಿ ಬಿಡುವುದನ್ನು ಕಡಿಮೆ ಮಾಡಿದೆ. 'ಹೂಂ', 'ಉಹೂಂ', 'ಸಾಕು' ಇಷ್ಟರಲ್ಲೇ ಸಂಸಾರ ನಡೆಯಿತು. ನನ್ನ ಹೆಂಡತಿ ದಾಕ್ಷಾಯಿಣಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಅವಳು ಬಸ್‌ಸ್ಟ್ಯಾಂಡಿನ ಹಿಂದೆ, ನಮ್ಮ ಮನೆಯ ಪಕ್ಕದಲ್ಲೇ, ಹಿಟ್ಟಿನ ಗಿರಣಿ ನಡೆಸುತ್ತಾಳೆ. ಬೆಲ್ಟು ತಿರುಗುತ್ತಿರುವಾಗಲೂ ರಸ್ತೆಯ ಆ ಬದಿಗೆ ಕೇಳುವಂತೆ ಮಾತಾಡಿ ಅವಳಿಗೆ ರೂಢಿ. "ನಮ್ಮನೆಯವರ ಬಾಯಿ ಸರ್ಕಾರದ್ದು. ನಂದು ಬರೀ ಕಿವಿ" ಎಂದು ರಾಗಿ ಹಾಕಿಸಲು ಬಂದವರ ಮುಂದೆಲ್ಲ ನನ್ನನ್ನು ಹಂಗಿಸುತ್ತಿದ್ದಳು. ನಾನು ಅದಕ್ಕೂ 'ಹೂಂ' ಅನ್ನುತ್ತಿದ್ದೆ.

ನಾನು ರಿಟೈರಾಗಿ ಎರಡು ವರ್ಷವಾಗಿತ್ತು. ಬೋರಲಿಂಗು ಒಂದು ದಿನ ಮೈಕು ಕಟ್ಟಿದ ಆಟೋದಲ್ಲಿ ಊರು ಸುತ್ತಿ, ಹಳೇ ಸೇತುವೆ ಒಡೆದು ಅದೇ ಜಾಗದಲ್ಲಿ ಕಾಂಕ್ರೀಟಿನ ಹೊಸ ಸೇತುವೆ ಕಟ್ಟಲು ಮಂಜೂರಾತಿ ಸಿಕ್ಕಿದೆಯೆಂದು ಸಾರಿದ. "ಹೊಸ ಸೇತುವೆಗೆ ಏನೂ ಹೇಳಂಗಿಲ್ಲ ಸ್ವಾಮೀ! ಸುಮ್ಮನೆ ನಡೀರಿ, ಸುಮ್ಮನೆ ದಾಟ್ರಿ!" ಊರಿಗೆ ಊರೇ ಕುಣಿಯಿತು. ಲಾಡು ಹಂಚಿದರು. ಹಾಲಿನವರು ಇನ್ನು ಮೇಲೆ ಶುದ್ಧ ಹಾಲು ಕೊಡುತ್ತೇವೆಂದು ಪ್ರಮಾಣ ಮಾಡಿದರು, ಯಾರೂ ನಂಬಲಿಲ್ಲ.

ನಾನು ಮಾತ್ರ ಹಳೇ ಸೇತುವೆ ಉಳಿಸಿ ಎಂದು ಪುರಸಭೆಗೆ ಅರ್ಜಿ ಬರೆಯಲು ಕೂತೆ. ಏಳು ಕಮಾನಿನ, ಒಂದೂ ಬಿರುಕಿಲ್ಲದ, ಬೆಲ್ಲ ಮತ್ತು ಸುಣ್ಣದ ಗಾರೆ ಹಾಕಿ ಕಟ್ಟಿದ ಕಲ್ಲು ಸೇತುವೆ ಎಂದು ಅರ್ಜಿಯಲ್ಲೇನೋ ಬರೆದೆ. ನಿಜ ಏನೆಂದರೆ, ಇಡೀ ಜೀವಮಾನದಲ್ಲಿ ನಾನು ಮನಸ್ಸು ಬಿಚ್ಚಿ ಮಾತಾಡಿದ್ದು ಅದರ ಹತ್ತಿರ ಮಾತ್ರ. ಶ್ಯಾಮಣ್ಣ ಮೇಷ್ಟ್ರ ಮನೆಗೆ ಹೋದೆ. ಅವರು ಕನ್ನಡಕ ಒರೆಸಿಕೊಂಡು, "ಚನ್ನವೀರಪ್ಪ, ಈ ಸೇತುವೆ ಇರದಿದ್ರೆ ನಾನು ಒಂದು ತಪ್ಪೂ ಮಾಡದೆ ಸಾಯ್ತಿದ್ದೆ. ಎಂಥ ಬರಡು ಬದುಕಾಗಿರೋದು ನೋಡಿ. ಹಾಕಿ ನನ್ನ ಹೆಸರು" ಎಂದರು. ಮೂರನೆಯವರು ಸೇತುವೆಯ ಬುಡದಲ್ಲಿ ಚಹಾದಂಗಡಿ ಇಟ್ಟಿದ್ದ ರಜಾಕ್ ಸಾಬರು. ಹೇಳಲು ಏನೂ ತೋಚದವರು ಅವರ ಬೆಂಚಿನ ಮೇಲೆ ಕೂತು ಯೋಚಿಸುತ್ತ ಎರಡೆರಡು ಚಹಾ ಕುಡಿಯುತ್ತಿದ್ದರು. ಹೀಗೆ ಹಳೇ ಸೇತುವೆ ಸಂರಕ್ಷಣಾ ಸಮಿತಿ ಹುಟ್ಟಿತು. ನಾನೇ ಅಧ್ಯಕ್ಷ.

ಚಳವಳಿ ನಡೆಸುವುದು ಬಸ್ಸು ನಡೆಸಿದ ಹಾಗಲ್ಲ. ಇಲ್ಲಿ ಜನ ಹತ್ತುವುದೇ ಇಲ್ಲ. ಮನೆಮನೆ ತಿರುಗಿ ಸಹಿ ಕೇಳಿದೆವು, ಹನ್ನೊಂದು ಸಿಕ್ಕವು, ಅದರಲ್ಲಿ ಆರು ಮೇಷ್ಟ್ರ ಮನೆಯವೇ. ಸೇತುವೆಯ ಮೇಲೆ ಮಾನವ ಸರಪಳಿ ಮಾಡುತ್ತೇವೆಂದು ಕರಪತ್ರ ಹಂಚಿದೆವು. ಬಂದವರು ನಾವು ಮೂವರೇ. ಸೇತುವೆ ಇನ್ನೂರು ಅಡಿ. ಮೇಷ್ಟ್ರು ಹೆಗಲ ಮೇಲಿನ ಶಲ್ಯ ಬಿಚ್ಚಿ ಒಂದು ತುದಿ ನನಗೆ ಕೊಟ್ಟರು, ರಜಾಕ್ ಸಾಬರು ಅಂಗಡಿಯ ಹಗ್ಗ ತಂದರು. ಎಳೆದು ಹಿಡಿದರೂ ಸರಪಳಿ ಎರಡನೇ ಕಮಾನು ದಾಟಲಿಲ್ಲ. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ತಲೆಯೆತ್ತಿ, "ಏನ್ ಮೇಷ್ಟ್ರೇ, ಬಟ್ಟೆ ಒಣಗಿ ಹಾಕ್ತಿದ್ದೀರಾ?" ಎಂದು ಕೇಳಿದರು. ದಾಕ್ಷಿಯೂ ಗಿರಣಿ ಬಿಟ್ಟು ನೋಡಲು ಬಂದಿದ್ದಳು. ಮನೆಗೆ ಬಂದಮೇಲೆ, "ಮೇಷ್ಟ್ರ ಶಲ್ಯ ಹಿಡ್ಕೊಂಡಂಗೆ ನೀವು ಯಾವತ್ತಾದ್ರೂ ನನ್ನ ಕೈ ಹಿಡ್ಕೊಂಡು ನಿಂತಿದ್ರಾ?" ಎಂದಳು. ನಾನು 'ಉಹೂಂ' ಎಂದೆ.

ಒಂದು ಮಂಗಳವಾರ ಗುತ್ತಿಗೆದಾರನ ಆಳುಗಳು ಹಾರೆ ಹಿಡಿದು ಬಂದರು. ಈಚೆ ತುದಿಯ ತಡೆಗೋಡೆಯ ಮೊದಲ ಕಲ್ಲು ಮೀಟಿ ತೆಗೆದು ರಜಾಕ್ ಸಾಬರ ಅಂಗಡಿಯ ಮುಂದೆ ಹಾಕಿದರು. ಕಲ್ಲು ನೆಲಕ್ಕೆ ಬಿದ್ದು, ಕೆಮ್ಮಿದ ಹಾಗೆ ಸದ್ದು ಮಾಡಿ, ಮಾತಾಡಲು ಶುರು ಮಾಡಿತು. ತೀರಿಹೋಗಿ ಹತ್ತು ವರ್ಷವಾಗಿದ್ದ ಸರ್ವೆ ನಂಜಪ್ಪನ ದನಿ. "ಮೇಗಲಬೀದಿ ಗಡಿಕಲ್ಲನ್ನ ಎರಡು ಗಜ ಸರಿಸಿದೆ. ಹೋಳಿಗೆ ಊಟ ಹಾಕಿಸಿದ್ರು." ಅದು ಮುಗಿಯುತ್ತಲೇ ಇನ್ಯಾರದೋ ದನಿ, ಅದರ ಹಿಂದೆ ಮತ್ತೊಬ್ಬರದು. ತನ್ನೊಳಗಿದ್ದದ್ದನ್ನೆಲ್ಲ ಒಂದು ಸಲ ಒದರಿ ಕಲ್ಲು ಮೂಕವಾಯಿತು. ಆಳುಗಳು ಹಾರೆ ಕೆಳಗಿಟ್ಟು ನಮ್ಮ ಮುಖ ನೋಡಿದರು. ರಜಾಕ್ ಸಾಬರು, "ಇನ್ನೊಂದು ತೆಗೀರಪ್ಪಾ" ಎಂದರು. ಸಮಿತಿಯ ಸದಸ್ಯರು ಹಾಗೆನ್ನಬಾರದಿತ್ತು. ಆದರೆ ಅಧ್ಯಕ್ಷನಾದ ನಾನೂ ತಡೆಯಲಿಲ್ಲ.

ಆವತ್ತು ಊರಿಗೆ ಹಬ್ಬ. ಮಧ್ಯಾಹ್ನದ ಹೊತ್ತಿಗೆ ಕಡಲೆಕಾಯಿ ಮಾರುವವರು ಬಂದರು, ಹೆಂಗಸರು ಚಾಪೆ ತಂದು ಹಾಸಿದರು. ಮೇಗಲಬೀದಿಯವರ ಮೇಲೆ ಕೆಳಗಲಬೀದಿಯವರು ನಕ್ಕರು. ಮಾರನೇ ದಿನ ಕೆಳಗಲಬೀದಿಯವರ ಕಲ್ಲುಗಳು ಬಂದವು. ಆವತ್ತು ನಗು ಅರ್ಧವಾಯಿತು, ಮೂರು ಕಡೆ ಹೊಡೆದಾಟವಾಯಿತು. ಮೂರನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಕಲ್ಲು ಬೋರಲಿಂಗುವಿನ ದನಿಯಲ್ಲೇ, "ನನ್ನ ಪಿಯುಸಿ ಸರ್ಟಿಫಿಕೇಟು ನಮ್ಮ ದೊಡ್ಡಪ್ಪನ ಮಗಂದು. ಅವನು ಬರೆದ, ನಾನು ಪಾಸಾದೆ" ಎಂದಿತು. ಹತ್ತೂವರೆಗೆ ಬೋರಲಿಂಗು ಓಡಿಬಂದು ಹಾರೆಗಳ ಮೇಲೆ ಕೂತ. "ಇದು ನಮ್ಮ ತಾತಮುತ್ತಾತಂದಿರ ಸೊತ್ತು! ನನ್ನ ಹೆಣದ ಮೇಲೆ ಇನ್ನೊಂದು ಕಲ್ಲು ತೆಗೀರಿ!" ಎಂದು ಕೂಗಿದ. ಅವನ ಕಣ್ಣಲ್ಲಿ ನೀರಿತ್ತು, ಅದು ನಿಜವಾದ ನೀರು. ಬೇರೆಯವರ ಗುಟ್ಟು ಕೇಳಿಸುವ ತನಕ ಸೇತುವೆ ಹಳೇ ಕಸ. ತನ್ನದು ಹೊರಬರುವ ಹೊತ್ತಿಗೆ ಅದು ಪಾರಂಪರಿಕ ಕಟ್ಟಡ. ಆ ಸಂಜೆಯೊಳಗೆ ನಮ್ಮ ಸಮಿತಿಗೆ ನಾಲ್ಕು ಸಾವಿರ ಸದಸ್ಯರಾದರು. ಮಾನವ ಸರಪಳಿ ಸೇತುವೆ ಸಾಲದೆ ಬಸ್‌ಸ್ಟ್ಯಾಂಡನ್ನು ಸುತ್ತಿ ವಾಪಸು ಬಂತು.

ತೆಗೆದದ್ದು ಒಟ್ಟು ನಲವತ್ತೊಂದು ಕಲ್ಲು. ಅದರಲ್ಲಿ ಐದಾರು ನನ್ನವು, ಒಂದನೇ ಕಮಾನಿನ ಕಾಲದವು. ಆ ಮೂರನೇ ದಿನ ಬೆಳಿಗ್ಗೆ, ಬೋರಲಿಂಗು ಬರುವುದಕ್ಕೆ ಮುಂಚೆ, ಅವು ಮಾತಾಡುವಾಗ ದಾಕ್ಷಿ ಮುಂದೆಯೇ ಚಾಪೆ ಹಾಕಿಕೊಂಡು ಕೂತಿದ್ದಳು. "ಇವತ್ತು ದಾಕ್ಷಿ ಹಸಿರು ಸೀರೆ ಉಟ್ಟಿದ್ದಳು. ಚೆನ್ನಾಗಿ ಕಾಣ್ತಿದ್ದಳು. ಹೇಳಲಿಲ್ಲ" ಎಂದಿತು ಕಲ್ಲು. ಜನ ಗೊಳ್ಳೆಂದು ನಕ್ಕರು. "ದಾಕ್ಷಿ ಗಿರಣಿಯಲ್ಲಿ ಹಾಡ್ತಾಳೆ, ಸದ್ದಿನಲ್ಲಿ ಯಾರಿಗೂ ಕೇಳಲ್ಲ ಅಂದ್ಕೊಂಡಿದ್ದಾಳೆ. ನಾನು ಗೋಡೆ ಹಿಂದೆ ನಿಂತು ಕೇಳ್ತೀನಿ." ಮತ್ತೆ ನಗು. ದಾಕ್ಷಿ ನಗಲಿಲ್ಲ. ಚಾಪೆ ಸುತ್ತಿಕೊಂಡು ಎದ್ದು ಹೋದಳು. ನಾನು ಹಿಂದೆಯೇ ಹೋದೆ.

"ಹಸಿರು ಸೀರೆ ಯಾವ್ದ್ರೀ?" ಎಂದಳು ಮನೆಗೆ ಹೋದ ಮೇಲೆ.

"ಅದೇ, ಜರಿ ಅಂಚಿಂದು."

"ಅದು ಕೌದಿಯಾಗಿ ಇಪ್ಪತ್ತು ವರ್ಷ ಆಯ್ತು." ಚಾಪೆಯನ್ನು ಮೂಲೆಗೆ ಒರಗಿಸಿದಳು. "ನನಗೊಂದು ಮಾತು ಹೇಳಕ್ಕೆ ನಿಮಗೆ ನಾಲಿಗೆ ಇರ್ಲಿಲ್ಲ. ಕಲ್ಲಿನ ಹತ್ರ ಹೋಗಿ ಹಾಡು ಸೀರೆ ಎಲ್ಲಾ ಹೇಳಿದ್ದೀರಿ. ಅದು ನನ್ನ ಸೊತ್ತಲ್ವೇನ್ರೀ? ಇನ್ನೂ ಎಷ್ಟಿದೆಯೋ ಅಷ್ಟೂ ನನಗೆ ಬೇಕು."

ಮಾರನೇ ದಿನ ಅವಳು ಪುರಸಭೆಗೆ ಹೋಗಿ ಒಂದು ತಕರಾರು ಅರ್ಜಿ ಕೊಟ್ಟಳು. ಮಂಜೂರಾದ ಕೆಲಸವನ್ನು ಕೈಬಿಡಬೇಕಾದರೆ ಜಿಲ್ಲೆಯಿಂದ ಅಧಿಕಾರಿ ಬಂದು ಸಾರ್ವಜನಿಕರ ಅಹವಾಲು ಕೇಳಬೇಕು, ಒಬ್ಬರೇ ಒಬ್ಬರು ತಕರಾರು ಎತ್ತಿದರೂ ಕೈಬಿಡುವಂತಿಲ್ಲ ಎಂಬುದು ಕಾನೂನು. ಊರಿನ ನಾಲ್ಕು ಸಾವಿರ ಜನ ಉಳಿಸಿ ಎಂದರು, ಒಡೆಯಿರಿ ಎಂದವಳು ಸಂರಕ್ಷಣಾ ಸಮಿತಿಯ ಅಧ್ಯಕ್ಷನ ಹೆಂಡತಿ ಒಬ್ಬಳೇ. ಬೋರಲಿಂಗು ಮನೆಗೆ ಬಂದು ಅವಳ ಕಾಲಿಗೆ ಬೀಳುವುದೊಂದು ಬಾಕಿ. "ದಾಕ್ಷಾಯಿಣಕ್ಕ, ಊರಿನ ಮಾನ ನಿಮ್ಮ ಕೈಲಿದೆ." ಅವಳು ಮೊರದಲ್ಲಿ ಗೋಧಿ ಹಸನು ಮಾಡುತ್ತಲೇ, "ಪಿಯುಸಿ ಪಾಸಾದೋರ ಹತ್ರ ನಾನೇನು ಮಾತಾಡ್ಲಪ್ಪಾ" ಎಂದಳು. ಅವನು ಬಂದ ದಾರಿಯಲ್ಲೇ ಹೋದ.

ಊರು ನನ್ನನ್ನು ಹಿಡಿದುಕೊಂಡಿತು. ಹೆಂಡತಿಯನ್ನು ಸುಮ್ಮನಿರಿಸಲಾಗದವನು ಸೇತುವೆ ಉಳಿಸುತ್ತಾನಂತೆ ಎಂದು ಚಹಾದಂಗಡಿಯಲ್ಲಿ ಆಡಿಕೊಂಡರು. ಆದರೆ ನನಗೆ ನಿದ್ದೆ ಕೆಡಿಸಿದ್ದು ಅದಲ್ಲ. ನಾಲ್ಕನೇ ಕಮಾನಿನ ತಡೆಗೋಡೆಯಲ್ಲಿ ಒಂದು ಕಲ್ಲಿತ್ತು. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಸಂಜೆ ನಾನು ಅದಕ್ಕೆ ಹೇಳಿದ್ದ ಮಾತು ದಾಕ್ಷಿಯ ಕಿವಿಗೆ ಬೀಳಬಾರದಿತ್ತು. ಊರವರೆಲ್ಲ ತಮ್ಮ ತಮ್ಮ ಕಲ್ಲಿಗಾಗಿ ಸಮಿತಿ ಸೇರಿದ್ದನ್ನು ನೋಡಿ ನಾನು ಮೀಸೆಯಡಿ ನಕ್ಕಿದ್ದೆನಲ್ಲ, ಈಗ ನಾನೂ ಅವರಲ್ಲೊಬ್ಬ. ಬೆಲ್ಲ ಸುಣ್ಣದ ಗಾರೆಯೆಲ್ಲ ಹಿಂದೆ ಬಿತ್ತು.

ಅಹವಾಲಿನ ಹಿಂದಿನ ದಿನ ಬೆಳಿಗ್ಗೆ ಗಿರಣಿಗೆ ಬೀಗ ಬಿದ್ದಿತ್ತು. ಸೋಮವಾರ ಬೆಳಿಗ್ಗೆ ಗಿರಣಿಗೆ ಬೀಗ ಬಿದ್ದದ್ದನ್ನು ನಾನು ಕಂಡಿದ್ದೇ ಇಲ್ಲ. ರಜಾಕ್ ಸಾಬರು ದೂರದಿಂದಲೇ ಕೈಬೀಸಿ, "ಅಧ್ಯಕ್ಷರೇ, ಬೇಗ ಬನ್ನಿ! ಅಕ್ಕಾವ್ರು ಹಾರೆ ತಗೊಂಡು ಹೋದ್ರು!" ಎಂದು ಕೂಗಿದರು. ಓಡಿದೆ. ದಾಕ್ಷಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಾಲ್ಕನೇ ಕಮಾನಿನ ಹತ್ತಿರ ತಡೆಗೋಡೆಯ ಸಂದಿಗೆ ಹಾರೆ ಇಳಿಸಿದ್ದಳು. ಬಸ್ಸು ಎಲ್ಲಿ ನಿಧಾನವಾಗುತ್ತಿತ್ತು ಎಂಬುದು ಅವಳಿಗೂ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು. ದಿನಾ ಐವತ್ತು ಸೇರಿನ ಮೂಟೆ ಎತ್ತುವ ತೋಳು. ಕಲ್ಲು ಆಗಲೇ ಅಲುಗಾಡುತ್ತಿತ್ತು.

"ದಾಕ್ಷೀ, ಆ ಕಲ್ಲು ಬೇಡ."

"ಯಾಕೆ? ಇದರಲ್ಲೂ ಸೀರೆ ಇದೆಯಾ?"

"ಸೀರೆ ಇಲ್ಲ."

ಅವಳು ಹಾರೆ ಬಿಡಲಿಲ್ಲ. ನನ್ನ ಮುಖ ನೋಡಿದಳು. ಇಪ್ಪತ್ತೆಂಟು ವರ್ಷ ಆ ಸೇತುವೆಯ ಮೇಲೆ ದಿನಕ್ಕೆ ಹನ್ನೆರಡು ಸಲ ಬಾಯಿ ಬಿಟ್ಟವನು ನಾನು. ಆವತ್ತು ಮಾತ್ರ ಎದುರಿಗಿದ್ದದ್ದು ದಾಕ್ಷಿ. ಕಲ್ಲಿನ ಬಾಯಿಂದ ಕೇಳುವುದಕ್ಕಿಂತ ನನ್ನ ಬಾಯಿಂದಲೇ ಕೇಳಲಿ ಎನಿಸಿತೋ, ಅಥವಾ ತಪ್ಪಿಸಿಕೊಳ್ಳಲು ದಾರಿಯಿಲ್ಲ ಎಂದು ಗೊತ್ತಾಯಿತೋ, ಹೇಳಿಬಿಟ್ಟೆ.

"ನಿಮ್ಮವ್ವ ತೀರಿಕೊಂಡ ಸುದ್ದಿ ಸಂಜೆ ಬಂತು ಅಂದಿದ್ದೆನಲ್ಲ, ಸುಳ್ಳು. ಆಚೆ ದಡದಲ್ಲಿ ಮಧ್ಯಾಹ್ನಕ್ಕೆ ಮುಂಚೆಯೇ ಸಿಕ್ಕಿತ್ತು. ನಿಮ್ಮಣ್ಣ ಹೇಳಿ ಕಳಿಸಿದ್ದ, ಮೂರು ಗಂಟೆಗೆ ಮಣ್ಣು ಮಾಡ್ತಾರೆ ಅಂತ. ಆವತ್ತು ಸಂತೆ, ಟ್ರಿಪ್ಪು ಜಾಸ್ತಿ, ನನ್ನ ಹತ್ರ ಮಾತು ಖಾಲಿಯಾಗಿತ್ತು. ಕೊನೇ ಟ್ರಿಪ್ಪಿಗೆ ಬೇಕಾಗುತ್ತೆ ಅಂತ ಇಟ್ಕೊಂಡೆ. ನಿನಗೆ ಹೇಳಿದ್ರೆ ಅದು ಸೇತುವೆಗೆ ನಡೀತಿರಲಿಲ್ಲ."

ಅವಳು ಹಾರೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದಳು. "ಆವತ್ತು ಮಧ್ಯಾಹ್ನ ನಾನು ಬಸ್‌ಸ್ಟ್ಯಾಂಡಿಗೆ ಬಂದು ನಿಮ್ಮ ಕೈಗೆ ಊಟದ ಡಬ್ಬಿ ಕೊಟ್ಟೆ."

"ಹೌದು, ಕೊಟ್ಟೆ."

"ತಗೊಂಡ್ರಿ."

"ಹೂಂ."

"ಕೊನೇ ಟ್ರಿಪ್ಪಲ್ಲಿ ಯಾರಿದ್ರು? ಬಸುರಿ, ಕಾಯಿಲೆಯೋರು, ಯಾರಾದ್ರೂ?"

ಇದ್ದರು ಎಂದುಬಿಡಬಹುದಿತ್ತು. ಯಾಕೆ ಕೇಳುತ್ತಿದ್ದಾಳೆಂದು ಗೊತ್ತಿತ್ತು. ನನ್ನನ್ನು ಬಿಟ್ಟುಬಿಡಲು ಒಂದು ಕಾರಣ ಹುಡುಕುತ್ತಿದ್ದಳು. "ಇಲ್ಲ. ಸಂತೆ ಮುಗಿಸಿ ಬರೋರು ಐವತ್ತೆರಡು ಜನ. ಮತ್ತೆ ಒಂದು ಕುರಿ."

"ಕುರಿ." ಅವಳು ಹೊಳೆಯ ಕಡೆ ನೋಡಿದಳು. ಗಾರೆಯ ಪುಡಿ ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು. "ಡಬ್ಬಿ ತಗೊಳ್ಳೋಕೆ ಮುಂಚೆ, ಆ ಮಧ್ಯಾಹ್ನದ ಟ್ರಿಪ್ಪಲ್ಲಿ ಈ ಕಡೆ ದಾಟಿ ಬಂದ್ರಲ್ಲ, ಆಗ ಸೇತುವೆಗೆ ಏನು ಹೇಳಿದ್ರಿ?"

"ಹಲ್ಲು ನೋಯ್ತಿದೆ ಅಂತ."

"ಹಲ್ಲುನೋವನ್ನ ಸಂಜೆಗೆ ಇಟ್ಕೊಂಡು, ಅವ್ವನ ಸುದ್ದೀನ ಮಧ್ಯಾಹ್ನ ಹೇಳಬಹುದಿತ್ತಲ್ಲ. ದಾಟಿದ ತಕ್ಷಣ ನನಗೂ ಹೇಳಬಹುದಿತ್ತು."

ಇಪ್ಪತ್ತೆರಡು ವರ್ಷ ಇಷ್ಟು ಸುಲಭದ ಮಾತು ನನ್ನ ತಲೆಗೆ ಹೊಳೆದಿರಲಿಲ್ಲ. ಡ್ಯೂಟಿ, ಐವತ್ತೆರಡು ಜನ, ಕೊನೇ ಬಸ್ಸು ಎಂದು ನನಗೆ ನಾನೇ ಹೇಳಿಕೊಂಡು ಬಂದದ್ದೆಲ್ಲ ಅವಳ ಒಂದು ಮಾತಿಗೆ ಪುಡಿಯಾಯಿತು. ಯಾಕೆ ಹೊಳೆಯಲಿಲ್ಲ ಎಂದು ಅಲ್ಲೇ ನಿಂತು ಯೋಚಿಸಿದೆ. ಉತ್ತರ ಸಿಕ್ಕಿತು. ಅದನ್ನೂ ಹೇಳಿದೆ. "ನಿನ್ನ ಮುಖ ನೋಡ್ಕೊಂಡು ಹೇಳೋ ಧೈರ್ಯ ಇರ್ಲಿಲ್ಲ ದಾಕ್ಷಿ. ಸೇತುವೆ ಒಂದು ನೆಪ."

ಅವಳು ಹಾರೆಯನ್ನು ಅಲ್ಲೇ ಬಿಟ್ಟು ಈಚೆ ದಡಕ್ಕೆ ನಡೆದು ಹೋದಳು. ಆಮೇಲೆ ಆ ದಿನವೆಲ್ಲ ಗಿರಣಿ ಓಡಿತು. ಹಿಟ್ಟು ಹಾಕಿಸಲು ಬಂದವರು, ಅಕ್ಕ ಇವತ್ತು ಮಾತೇ ಆಡಲಿಲ್ಲ, ಮೈಗೆ ಹುಷಾರಿಲ್ಲವಾ ಎಂದು ನನ್ನನ್ನು ಕೇಳಿದರು.

ಮಾರನೇ ದಿನ ಅಹವಾಲು. ಆಚೆ ದಡದಿಂದ ಜೀಪಿನಲ್ಲಿ ಬರಬೇಕಾಗಿದ್ದ ಅಧಿಕಾರಿಣಿ ಎರಡು ಗಂಟೆ ತಡವಾಗಿ ಬಂದರು. ಸೇತುವೆಗೆ ಮೊದಲು ಸುತ್ತೋಲೆ ಓದಿದರಂತೆ, ವಾಪಸು ಆಚೆ ದಡ. ಆಮೇಲೆ ತಮ್ಮ ವಿದ್ಯಾರ್ಹತೆ ಹೇಳಿದರಂತೆ, ಮತ್ತೆ ಆಚೆ ದಡ. ಮೂರನೇ ಸಲ ಏನು ಹೇಳಿದರೋ, ಜೀಪಿನಿಂದ ಇಳಿಯುವಾಗ ಅವರ ಕಿವಿ ಕೆಂಪಾಗಿತ್ತು, ಡ್ರೈವರ್ ಬೇರೆ ಕಡೆ ನೋಡುತ್ತಿದ್ದ. ಶಾಮಿಯಾನದಲ್ಲಿ ಊರೇ ನೆರೆದಿತ್ತು. ಶ್ಯಾಮಣ್ಣ ಮೇಷ್ಟ್ರು ಸೇತುವೆಯ ಇತಿಹಾಸ ಹೇಳಲು ಎದ್ದು, ಭಾವನೆ ಉಕ್ಕಿ, ಮೂವತ್ತೊಂದು ವರ್ಷದ ಸೀಮೆಸುಣ್ಣದ ಕಥೆಯನ್ನೆಲ್ಲ ಎಲ್ಲರೆದುರು ಒಪ್ಪಿಕೊಂಡರು. ಬೋರಲಿಂಗು ಸಂಸ್ಕೃತಿ, ಪರಂಪರೆ, ಪೂರ್ವಜರು ಎಂದು ಅರ್ಧ ಗಂಟೆ ಮಾತಾಡಿದ. ಕೊನೆಗೆ ಅಧಿಕಾರಿಣಿ ಕಾಗದ ಎತ್ತಿ, "ಒಂದೇ ಒಂದು ತಕರಾರಿದೆ. ದಾಕ್ಷಾಯಿಣಿ ಅನ್ನೋರು ಯಾರು?" ಎಂದರು.

ದಾಕ್ಷಿ ಎದ್ದಳು. ಆ ಕಲ್ಲಿನ ವಿಷಯವನ್ನು ನಾಲ್ಕು ಸಾವಿರ ಜನರೆದುರು ಎತ್ತಿದರೂ ಅವಳನ್ನು ತಪ್ಪೆನ್ನುವಂತಿರಲಿಲ್ಲ. "ಒಡೆಯೋದು ಬ್ಯಾಡ ಮೇಡಂ. ನನಗೆ ಬೇಕಾಗಿದ್ದು ಸಿಕ್ತು. ಅದು ಕಲ್ಲಿನ ಬಾಯಿಂದ ಬರೋದಕ್ಕಿಂತ ಮನುಷ್ಯನ ಬಾಯಿಂದ ಬಂದ್ರೇನೇ ಸರಿ. ಆದ್ರೆ ನಂದೊಂದು ಷರತ್ತಿದೆ. ಇಗೋ ಈ ಕಂಡಕ್ಟರು ಸೇತುವೆಗೆ ಏನೇನು ಹೇಳಿದ್ದಾರೋ ಅಷ್ಟೂ ನನಗೆ ಹೇಳಬೇಕು. ದಿನಾ ಹನ್ನೆರಡು. ಅದನ್ನ ಬರ್ಕೊಳ್ಳಿ, ತಕರಾರು ವಾಪಸ್ ತಗೋತೀನಿ."

ಜನ ನಕ್ಕರು. ಅಧಿಕಾರಿಣಿ ನಗಲಿಲ್ಲ, ಬೆಳಗಿನ ಮೂರನೇ ಸಲದ ಅನುಭವ ಅವರಿಗಿನ್ನೂ ಹಸಿಯಾಗಿತ್ತು. ನನ್ನ ಕಡೆ ತಿರುಗಿ, "ಒಪ್ಪಿಗೆ ಇದೆಯೇನ್ರೀ?" ಎಂದರು. ನಾನು 'ಹೂಂ' ಎನ್ನಲು ಹೋಗಿ, ತಡೆದು, "ಒಪ್ಪಿಗೆ ಇದೆ ಮೇಡಂ, ಪೂರ್ತಿ ಒಪ್ಪಿಗೆ ಇದೆ" ಎಂದೆ. ಹಾಗಾಗಿ ನಮ್ಮೂರ ಹಳೇ ಸೇತುವೆಯನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಿದ ಆದೇಶದಲ್ಲಿ ಏಳನೇ ಷರತ್ತು ನನ್ನ ಸಂಸಾರದ್ದು. ಭಾರೀ ವಾಹನ ನಿಷೇಧ ಆರನೆಯದು, ಪೋಸ್ಟರು ಅಂಟಿಸಬಾರದು ಎಂಬುದು ಎಂಟನೆಯದು.

ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದಾಗ ದಾಕ್ಷಿ ಮನೆಗೆ ಹೋಗಿ ಒಂದು ಚೀಲ ತಂದಳು. "ತವರಿಗೆ ಹೋಗಿ ಬರ್ತೀನಿ" ಎಂದಳು. ಎಷ್ಟು ದಿನ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಸೇತುವೆಯ ಮೇಲೆ ನಡೆದು, ಎಲ್ಲೋ ನಡುವೆ ಒಂದು ಗಳಿಗೆ ನಿಂತು, ಏನನ್ನೋ ಹೇಳಿ, ಆಚೆ ಇಳಿದಳು. ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಸೇತುವೆಗೆ ಹೇಳಿದ ಮಾತು ಇನ್ನೊಬ್ಬರಿಗೆ ಕೇಳಿಸಬಾರದೆಂದೇ ಅಷ್ಟು ದಿನ ನಾನು ಹೋರಾಡಿದ್ದು.

ಒಂಬತ್ತು ದಿನ ಬರಲಿಲ್ಲ. ಊರಿನವರು ಸಮಿತಿಯನ್ನು ಅಷ್ಟರಲ್ಲೇ ಮರೆತರು. ತೆಗೆದ ನಲವತ್ತೊಂದು ಮೂಕ ಕಲ್ಲುಗಳನ್ನು ಮತ್ತೆ ಜೋಡಿಸಲು ನಾನು, ಮೇಷ್ಟ್ರು, ರಜಾಕ್ ಸಾಬರು ಮೂವರೇ ಉಳಿದೆವು. ಹತ್ತನೇ ದಿನ ಮಧ್ಯಾಹ್ನ ನಾನು ಮನೆಯ ಜಗಲಿಯಲ್ಲಿ ಕೂತಿದ್ದಾಗ ದಾಕ್ಷಿ ಬಂದಳು. ಚೀಲ ಇಟ್ಟಳು, ಕಾಲು ತೊಳೆದಳು, ಅಡುಗೆ ಮಾಡಿದಳು. ತಟ್ಟೆ ಮಾತ್ರ ಹಾಕಲಿಲ್ಲ. ಎದುರಿಗೆ ಕೂತು, "ಶುರು ಮಾಡ್ರಿ" ಎಂದಳು.

ಹೇಳತೊಡಗಿದೆ. ಮೊದಲು ಸೀಬೆಕಾಯಿಗಳು. ಅವಳು "ಮುಂದಿಂದು" ಎಂದಳು. ಡ್ರೈವರನ ಹಾಡು. "ಅದು ಊರಿಗೇ ಗೊತ್ತು, ಲೆಕ್ಕಕ್ಕಿಲ್ಲ." ನಮ್ಮ ಮದುವೆಯ ದಿನ ನನ್ನ ಪಂಚೆ ಬಿಚ್ಚಿಹೋಗಿ ಸೊಂಟಕ್ಕೆ ಸೆಣಬಿನ ದಾರ ಕಟ್ಟಿಕೊಂಡು ಧಾರೆಗೆ ಕೂತದ್ದು. ಅದಕ್ಕೆ ಅವಳ ತುಟಿ ಸ್ವಲ್ಪ ಅಲುಗಾಡಿತು. ಹನ್ನೊಂದರವರೆಗೆ ಬಂದೆ. ಹನ್ನೆರಡನೆಯದು ಎಷ್ಟು ತಡಕಾಡಿದರೂ ನೆನಪಿಗೆ ಬರಲಿಲ್ಲ. ವಯಸ್ಸಾಯಿತು, ಸೇತುವೆಗೆ ಇದ್ದಷ್ಟು ಜ್ಞಾಪಕ ನನಗಿಲ್ಲ.

"ಇವತ್ತಿಗೆ ಹನ್ನೊಂದೇ ಸಾಕಲ್ವಾ?"

"ಸಾಕಾಗಲ್ಲ. ಹನ್ನೆರಡು ಅಂತ ಸರ್ಕಾರವೇ ಬರೆದುಕೊಟ್ಟಿದೆ. ಹೇಳಿದ್ರೆ ಊಟ."

ಹಸಿವಾಗಿತ್ತು. ಒಳಗಿಂದ ಹುರುಳಿ ಸಾರಿನ ವಾಸನೆ ಬರುತ್ತಿತ್ತು. ಸೇತುವೆಗೂ ಹೇಳಿರದ, ಯಾರಿಗೂ ಹೇಳಿರದ ಒಂದು ಮಾತಿತ್ತು, ಅದನ್ನೇ ಹೇಳಿದೆ. "ನೀನು ಹೋದ ಒಂಬತ್ತು ದಿನವೂ ನಾನು ಬೆಳಿಗ್ಗೆ ಎದ್ದು ಗಿರಣಿ ಬಾಗಿಲು ತೆಗೆದು, ಮಿಷನ್ ಹಾಕಿ, ಸುಮ್ಮನೆ ಒಂದು ಗಂಟೆ ಓಡಿಸ್ತಿದ್ದೆ. ಏನೂ ಹಾಕದೆ. ಆ ಸದ್ದಿಲ್ಲದೆ ಮನೇಲಿ ಇರಕ್ಕಾಗ್ತಿರಲಿಲ್ಲ."

ದಾಕ್ಷಿ ನನ್ನನ್ನೇ ನೋಡಿದಳು. ಕಣ್ಣು ತುಂಬಿ ಬಂದಂತೆ ಕಂಡಿತು. ಆಮೇಲೆ ಅವಳ ಮುಖ ಬದಲಾಯಿತು.

"ಖಾಲಿ ಓಡಿಸಿದ್ರಾ?"

"ಹೂಂ."

"ಒಂಬತ್ತು ದಿನ? ಕಾಳು ಹಾಕದೆ? ಕಲ್ಲಿಗೆ ಕಲ್ಲು ಉಜ್ಜಿ ಸವೆದು ಹೋಗುತ್ತೆ ಕಣ್ರೀ! ಯಾವನಾದ್ರೂ ಗಿರಣಿ ಖಾಲಿ ಓಡಿಸ್ತಾನಾ? ಕಂಡಕ್ಟರ್ ಬುದ್ಧಿ ಬಸ್ಸಿಗೇ ಮುಗೀತು!" ಎಂದು ಎದ್ದು ಗಿರಣಿಗೆ ಓಡಿದಳು. ಮೇಲಿನ ಕಲ್ಲು ಎತ್ತಿಸಿ, ಕೆಳಗಿನ ಕಲ್ಲಿನ ಮೇಲೆ ಅಂಗೈ ಆಡಿಸಿ, ಒಂದೊಂದು ಗೀರಿಗೂ ಒಂದೊಂದು ಬೈಗುಳ ಬೈದಳು. ರಸ್ತೆಯ ಆ ಬದಿಯವರೆಲ್ಲ ಹೊರಗೆ ಬಂದು ನಿಂತು ಕೇಳಿದರು. ಬೈಯುತ್ತಲೇ ಬಂದು, ಬೈಯುತ್ತಲೇ ಕೈ ತೊಳೆದು, ಬೈಯುತ್ತಲೇ ತಟ್ಟೆ ಹಾಕಿದಳು. ನಾನು ಎರಡು ಮುದ್ದೆ ಉಂಡೆ.